ಎರಡು ಲಂಗೋಟಿ, ಒಂದು ಹೊಲಿಗೆ

ಏಳನೇ ಕ್ಲಾಸಿನವರೆಗೆ 100 ಮೀಟರ್ ಓಟದಲ್ಲಿ ನಮ್ಮ ಶಾಲೆಯಲ್ಲಿ ನನ್ನನ್ನು ಹಿಂದೆ ಹಾಕಿದವರಿಲ್ಲ. ಎಂಟನೆಯದರಲ್ಲಿ ಓಡುವುದನ್ನೇ ಬಿಟ್ಟೆ. ಯಾರೂ ಬೇಡ ಅನ್ನಲಿಲ್ಲ. ಓಡಿದರೆ ಎದೆ ಅಲುಗುತ್ತಿತ್ತು, ಕಟ್ಟೆ ಮೇಲೆ ಕೂತ ಹುಡುಗರು ನಗುತ್ತಿದ್ದರು, ಅಷ್ಟೇ. ಪಿ.ಟಿ. ಪೀರಿಯಡ್ಡಿನಲ್ಲಿ ‘ಹೊಟ್ಟೆನೋವು ಸಾರ್’ ಎಂದು ಬೇವಿನ ಮರದ ಕೆಳಗೆ ಕೂರುವವರ ಜೊತೆ ನಾನೂ ಕೂತೆ.

ನಮ್ಮದು ದಾವಣಗೆರೆ, ಗರಡಿಮನೆಗಳ ಊರು. ಓಣಿಯ ಹುಡುಗರು ಲಂಗೋಟಿ ಬಿಗಿದು ಸಾಮು ಮಾಡುತ್ತಿದ್ದರು. ನಾವು ಹೊಸ್ತಿಲು ದಾಟುವಂತಿರಲಿಲ್ಲ. ಅವರ ಮೈಗೆ ವ್ಯಾಯಾಮಕ್ಕೆಂದೇ ಒಂದು ಬಟ್ಟೆಯಿದೆ, ನಮಗಿಲ್ಲ ಎಂಬುದು ಆಗ ಹೊಳೆದಿರಲಿಲ್ಲ.

ನಲವತ್ತೆರಡರಲ್ಲಿ, ಪುಣೆಯಲ್ಲಿ, ಡಾಕ್ಟರು ಶುಗರ್ ಗಡಿಯಲ್ಲಿದೆ ಅಂದರು. ಶೂ ಕೊಳ್ಳಲು ಹೋದಾಗ ಅಂಗಡಿಯ ಹುಡುಗಿ ಸ್ಪೋರ್ಟ್ಸ್ ಬ್ರಾ ಕೂಡ ಕೈಗಿತ್ತಳು. ಮರುದಿನ ಬಾಣೇರ್ ಟೇಕಡಿಯಲ್ಲಿ ಓಡಿದೆ. ಅಲುಗಲಿಲ್ಲ. ಖುಷಿಗಿಂತ ಮೊದಲು ಸಿಟ್ಟು ಬಂತು.

ಆಫೀಸಿನಲ್ಲಿ ಏನು ಕೆಟ್ಟರೂ ರೂಟ್ ಕಾಸ್ ಹುಡುಕುವುದು ನನ್ನ ಕೆಲಸ. ಇದನ್ನೂ ಹುಡುಕಿದೆ. 1928ರ ಆಮ್‌ಸ್ಟರ್‌ಡಾಂ ಒಲಿಂಪಿಕ್ಸಿನ 800 ಮೀಟರ್ ಓಟವನ್ನು ಜರ್ಮನಿಯ ಲೀನಾ ರಾಡ್ಕೆ ವಿಶ್ವದಾಖಲೆಯೊಂದಿಗೆ ಗೆದ್ದಳು. ಪತ್ರಿಕೆಗಳು ಬರೆದದ್ದು ಮಾತ್ರ ಹೆಂಗಸರು ಸುಸ್ತಾಗಿ ಕುಸಿದರೆಂದು, ಅದೂ ಉಪ್ಪುಖಾರ ಹಚ್ಚಿ. ಮುಂದೆ 1960ರವರೆಗೆ ಒಲಿಂಪಿಕ್ಸಿನಲ್ಲಿ ಹೆಂಗಸರಿಗೆ 200 ಮೀಟರಿಗಿಂತ ಉದ್ದದ ಓಟವೇ ಇರಲಿಲ್ಲ. ಮ್ಯಾರಥಾನ್ ಬಂದದ್ದು 1984ರಲ್ಲಿ. 1967ರ ಬಾಸ್ಟನ್ ಮ್ಯಾರಥಾನಿನಲ್ಲಿ ಕ್ಯಾಥರಿನ್ ಸ್ವಿಟ್ಜರಳ ನಂಬರ್ ಕಿತ್ತುಕೊಳ್ಳಲು ಅಧಿಕಾರಿಯೊಬ್ಬ ಮೈಮೇಲೆ ಬಿದ್ದ ಫೋಟೋ ನೀವೂ ನೋಡಿರುತ್ತೀರಿ. ಮಹಿಳಾ ದಿನಾಚರಣೆಗೆ ನಮ್ಮ ಎಚ್ಚಾರ್‌ನವರು ತಪ್ಪದೆ ಕಳಿಸುತ್ತಾರೆ.

ನನಗೆ ಅದಕ್ಕಿಂತ ದೊಡ್ಡದು 1977ರ ಒಂದು ಹೊಲಿಗೆ. ಅಮೆರಿಕದ ವರ್ಮಾಂಟಿನಲ್ಲಿ ಲೀಸಾ ಲಿಂಡಾಲ್ ದಿನಾ ಓಡುತ್ತಿದ್ದಳು, ನನ್ನದೇ ಕಷ್ಟ ಅವಳಿಗೂ. ಗಂಡಸರಿಗೆ ಜಾಕ್‌ಸ್ಟ್ರಾಪ್ ಇದೆ, ನಮಗೇಕಿಲ್ಲ ಎಂದು ಅವಳ ಅಕ್ಕ ಕೇಳಿದಳಂತೆ. ಜಾಕ್‌ಸ್ಟ್ರಾಪ್ ಎಂದರೆ ನಮ್ಮ ಲಂಗೋಟಿಯ ದಾಯಾದಿ. ಲೀಸಾಳ ಗಂಡ ತಮಾಷೆಗೆ ತನ್ನದನ್ನು ಎದೆಗೆ ಏರಿಸಿಕೊಂಡು ಬಂದ. ನಗು ಮುಗಿದ ಮೇಲೆ ಅವಳೂ ಅದನ್ನು ಹಾಕಿ ನೋಡಿದಳು. ನಾಟಕದ ಉಡುಪು ಹೊಲಿಯುವ ಪಾಲಿ ಸ್ಮಿತ್, ಜೊತೆಗೆ ಹಿಂಡಾ ಮಿಲ್ಲರ್, ಮೂವರೂ ಸೇರಿ ಎರಡು ಜಾಕ್‌ಸ್ಟ್ರಾಪ್ ತಂದು ಜೋಡಿಸಿ ಹೊಲಿದರು. ಮೊದಲು ಅದಕ್ಕೆ ‘ಜಾಕ್‌ಬ್ರಾ’ ಎಂದೇ ಹೆಸರು, ಆಮೇಲೆ ‘ಜಾಗ್‌ಬ್ರಾ’ ಆಯಿತು.

ನಾನು ಬೇವಿನ ಮರದ ಕೆಳಗೆ ಕೂತಾಗ ಆ ಬಟ್ಟೆಗೆ ಹತ್ತು ವರ್ಷ ದಾಟಿತ್ತು.

ಹೋದ ತಿಂಗಳು ಅವ್ವ ಬಂದಿದ್ದಳು. ಬಾಲ್ಕನಿಯಲ್ಲಿ ಒಣಹಾಕಿದ್ದ ನನ್ನ ಬ್ರಾ ಮೇಲೆ ಟವೆಲ್ ಹೊದಿಸಿದಳು. ನಾನು ತೆಗೆದೆ. ಮತ್ತೆ ಹೊದಿಸಿದಳು. ಮೂರನೇ ಸಲಕ್ಕೆ ಅದನ್ನೇ ಕೈಗೆತ್ತಿಕೊಂಡು ಎಳೆದು ನೋಡಿದಳು.

“ಇದು ಹಾಕ್ಕೊಂಡು ಓಡಿದ್ರೆ ಅಲುಗಲ್ವೇನೇ?”

“ಇಲ್ಲವ್ವ.”

“ನಾನೂ ಖೊಖೊ ಆಡ್ತಿದ್ದೆ. ತಾಲ್ಲೂಕಿಗೆ ಹೋಗಿದ್ದೆ.”

ಇಷ್ಟು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಯಾವಾಗ ಬಿಟ್ಟೆ ಎಂದೆ.

“ದೊಡ್ಡೋಳಾದ ಮೇಲೆ ಯಾರು ಆಡ್ತಾರೆ,” ಎಂದು ಕ್ಲಿಪ್ ಹಾಕಿ ಒಳಗೆ ಹೋದಳು. ಟವೆಲ್ ಹೊದಿಸಲಿಲ್ಲ.