ಒಂದೇ ಎತ್ತರ, ಮೂರು ಪದಕ

ಖೇಲ್‌ರತ್ನ ಯಾರಿಗೆ ಸಲ್ಲಬೇಕೆಂಬ ಮಾತು ಬಂದಾಗಲೆಲ್ಲ ಬೇಲಾಪುರದ ನಮ್ಮ ಕನ್ನಡ ಗೆಳೆಯರ ಕೂಟ 2015ಕ್ಕೆ ಮರಳುತ್ತದೆ. ಆ ವರ್ಷ ಪ್ರಶಸ್ತಿ ಟೆನಿಸ್ ಆಟಗಾರ್ತಿ ಸಾನಿಯಾ ಮಿರ್ಜಾ ಅವರಿಗೆ ಘೋಷಣೆಯಾಯಿತು. ಅಂಕಪದ್ಧತಿಯಂತೆ ಹೆಚ್ಚು ಅಂಕಗಳಿರುವುದು ತಮಗೆ ಎಂದು ಹಾಸನ ಜಿಲ್ಲೆಯ ಎತ್ತರ ಜಿಗಿತಗಾರ ಎಚ್.ಎನ್. ಗಿರೀಶ ಕರ್ನಾಟಕ ಹೈಕೋರ್ಟಿನ ಮೆಟ್ಟಿಲೇರಿದರು. ನ್ಯಾಯಾಲಯ ನೋಟಿಸು ನೀಡಿತು. ಆದರೂ ಆಗಸ್ಟ್ 29ರಂದು, ಧ್ಯಾನ್‌ಚಂದರ ಜನ್ಮದಿನದಂದು, ಪ್ರಶಸ್ತಿ ಸಾನಿಯಾರ ಕೈಸೇರಿತು.

ನಮ್ಮಲ್ಲಿ ಹೆಚ್ಚಿನವರು ಗಿರೀಶರ ಪಕ್ಷ. ಊರು ಬಿಟ್ಟವರಿಗೆ ಊರಿನ ಹೆಸರು ಪತ್ರಿಕೆಯಲ್ಲಿ ಕಂಡರೆ ಎದೆಯುಬ್ಬುವುದು ಸಹಜ. ಆದರೆ ‘ನಮ್ಮವರು’ ಎಂಬುದೇ ಅಳತೆಗೋಲಾದರೆ ತೊಡಕು ತಪ್ಪದು. ಸಾನಿಯಾ ಹುಟ್ಟಿದ್ದು ಇದೇ ಮುಂಬಯಿಯಲ್ಲಿ. ಹುಟ್ಟಿದ ನೆಲ, ಅನ್ನವಿತ್ತ ನೆಲ ಎಂದು ಲೆಕ್ಕ ಹಿಡಿದರೆ, ದಶಕಗಳಿಂದ ಈ ಖಾಡಿಯ ದಡದಲ್ಲಿ ಬದುಕು ಕಟ್ಟಿಕೊಂಡ ನಾವು ಯಾರ ಪಕ್ಷ ವಹಿಸಬೇಕು?

ಸಾಧನೆಯ ತಕ್ಕಡಿಯೂ ಸುಲಭವಾಗಿ ನಿಲ್ಲುವುದಿಲ್ಲ. 2015ರ ಏಪ್ರಿಲ್‌ನಲ್ಲಿ ಸಾನಿಯಾ ಮಹಿಳಾ ಡಬಲ್ಸ್‌ನಲ್ಲಿ ವಿಶ್ವದ ಮೊದಲ ಸ್ಥಾನಕ್ಕೇರಿದರು. ಜುಲೈನಲ್ಲಿ ಮಾರ್ಟಿನಾ ಹಿಂಗಿಸ್ ಜೊತೆಗೂಡಿ ವಿಂಬಲ್ಡನ್ ಗೆದ್ದರು. ಗಿರೀಶರದು 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನ ಬೆಳ್ಳಿ. ಆ ಕೂಟದಲ್ಲಿ ಭಾರತಕ್ಕೆ ದಕ್ಕಿದ ಏಕೈಕ ಪದಕ. ಎಡಗಾಲಿನ ಊನವಿದ್ದೂ ಅವರು ದಾಟಿದ್ದು 1.74 ಮೀಟರ್, ಆಳೆತ್ತರ. 2013ರಲ್ಲಿ ಪದ್ಮಶ್ರೀ, 2014ರಲ್ಲಿ ಅರ್ಜುನ ಪ್ರಶಸ್ತಿ ಬಂದಿವೆಯಲ್ಲ, ಇನ್ನೇನು ಬೇಕು ಎನ್ನುವವರು ನಮ್ಮಲ್ಲೂ ಉಂಟು. ಆದರೆ ಹಕ್ಕು ಕೇಳಿದವನಿಗೆ ಹಳೆಯ ಶಾಲನ್ನು ತೋರಿಸಿ ಬಾಯಿ ಮುಚ್ಚಿಸುವುದು ಉತ್ತರವಾಗದು.

ಉತ್ತರ ಲಂಡನ್ನಿನ ಅಂಗಳದಲ್ಲೇ ಇದೆ ಎಂದು ನಮಗೆ ತೋರುತ್ತದೆ. ಅಂದು 1.74 ಮೀಟರ್ ದಾಟಿದವರು ಗಿರೀಶರೊಬ್ಬರೇ ಅಲ್ಲ, ಮೂವರು. ಬಂಗಾರ ಫಿಜಿಯ ಇಲಿಯೇಸಾ ದೆಲಾನಾ ಅವರಿಗೆ, ಬೆಳ್ಳಿ ಗಿರೀಶರಿಗೆ, ಕಂಚು ಪೋಲೆಂಡಿನವರಿಗೆ. ಎತ್ತರ ಸಮನಾದಾಗ ಪ್ರಯತ್ನಗಳನ್ನು ಎಣಿಸಬೇಕೆಂಬ ನಿಯಮ ಜಿಗಿಯುವ ಮೊದಲೇ ಮೂವರಿಗೂ ಗೊತ್ತಿತ್ತು. ಹಾಗಾಗಿ ಅಲ್ಲಿ ಬಂಗಾರ ತಪ್ಪಿತೆಂದು ಗಿರೀಶರು ಯಾವ ಬಾಗಿಲನ್ನೂ ತಟ್ಟಲಿಲ್ಲ. ತಟ್ಟಬೇಕಾಗಿ ಬಂದದ್ದು ಅಂಕವನ್ನೂ ಇಟ್ಟುಕೊಂಡು, ವಿವೇಚನೆಯನ್ನೂ ಇಟ್ಟುಕೊಂಡು, ಯಾವುದು ಯಾವಾಗ ಮೇಲುಗೈ ಎಂದು ಹೇಳದ ಪ್ರಶಸ್ತಿಗಾಗಿ.

ಸಾನಿಯಾ ಅನರ್ಹರೆಂದು ನಾವು ಹೇಳುವುದಿಲ್ಲ. ಡಬಲ್ಸ್ ಅಂಗಳವನ್ನೂ ಜಿಗಿತದ ಕೋಲನ್ನೂ ಒಂದೇ ಗಜಕಡ್ಡಿಯಿಂದ ಅಳೆಯಲಾಗದು. ಅಳೆಯಲೇಬೇಕೆಂದಾದರೆ ಆ ಗಜಕಡ್ಡಿ ಎಲ್ಲರಿಗೂ ಕಾಣುವಂತಿರಲಿ.

2017ರಲ್ಲಿ ಜಾವೆಲಿನ್ ಎಸೆತಗಾರ ದೇವೇಂದ್ರ ಝಾಝರಿಯಾ ಖೇಲ್‌ರತ್ನ ಪಡೆದ ಮೊದಲ ಪ್ಯಾರಾ ಕ್ರೀಡಾಪಟುವಾದರು. ಬೆಂಗಳೂರಿನಲ್ಲಿ ಪಳಗಿದ ತಮಿಳುನಾಡಿನ ಎತ್ತರ ಜಿಗಿತಗಾರ ಮಾರಿಯಪ್ಪನ್ ತಂಗವೇಲು ಅವರಿಗೆ ಅದು 2020ರಲ್ಲಿ ಸಂದಿತು. ಗಿರೀಶರ ಹೆಸರು ಆ ಪಟ್ಟಿಯಲ್ಲಿಲ್ಲ. ಅವರ ಪರವಾಗಿ ವಾದಿಸುವಾಗ ಅವರು ಕನ್ನಡಿಗರೆಂಬುದನ್ನು ನಾವೀಗ ಕೊನೆಗೆ ಹೇಳುತ್ತೇವೆ. ಹೇಳದಿದ್ದರೂ ವಾದ ನಿಲ್ಲುತ್ತದೆ.