ಹೋಸ್ಟಿನ ಮ್ಯಾಗ ಯಾರು?

2023ರ ಡಿಸೆಂಬರ್ ಮೊದಲ ವಾರ. ಕರ್ನಾಟಕ ಹೈಕೋರ್ಟಿನ ಝೂಮ್ ಕಲಾಪದೊಳಗೆ ಯಾರೋ ಅಪರಿಚಿತರು ನುಗ್ಗಿ ಅಶ್ಲೀಲ ವಿಡಿಯೊ ತೋರಿಸಿದ್ದು ನಿಮಗೂ ನೆನಪಿರಬಹುದು. 5ನೇ ತಾರೀಖು ಆಗಿನ ಮುಖ್ಯ ನ್ಯಾಯಮೂರ್ತಿ ಪ್ರಸನ್ನ ಬಿ. ವರಾಳೆಯವರು ವಿಡಿಯೊ ಕಾನ್ಫರೆನ್ಸ್, ನೇರಪ್ರಸಾರ ಎರಡನ್ನೂ ತಾತ್ಕಾಲಿಕವಾಗಿ ನಿಲ್ಲಿಸಿದರು. ಬೆಂಗಳೂರಲ್ಲಷ್ಟೇ ಅಲ್ಲ, ನಮ್ಮ ಧಾರವಾಡ ಮತ್ತು ಕಲಬುರಗಿ ಪೀಠಗಳಲ್ಲೂ ನಿಂತಿತು. ಮುಂದೆ ಮತ್ತೆ ಶುರುವಾಯ್ತು, ಆ ಮಾತು ಬೇರೆ.

ಆ ದಿನದ ಮಟ್ಟಿಗೆ ಅದು ಸರಿಯಾದ ನಿರ್ಧಾರವೇ. ಮನೆಯೊಳಗೆ ಕಳ್ಳ ಹೊಕ್ಕಾಗ ಮೊದಲು ಬಾಗಿಲು ಹಾಕಬೇಕು. ಆದರೆ ಧಾರವಾಡದವರಿಗೆ ಈ ಸುದ್ದಿಯಲ್ಲಿ ಇನ್ನೊಂದು ಎಳೆ ಕಾಣತ್ತೆ. ಒಂದು ತಾರೀಖಿಗಾಗಿ ರಾತ್ರಿ ಬಸ್ಸು ಹಿಡಿದು ನಾನ್ನೂರಕ್ಕೂ ಹೆಚ್ಚು ಕಿಲೊಮೀಟರ್ ಬೆಂಗಳೂರಿಗೆ ಹೋಗೋದು ಸಾಕಾಗಿ ಇಲ್ಲಿನ ವಕೀಲರು, ಜನ ವರ್ಷಗಟ್ಟಲೆ ಹೋರಾಡಿದ್ದರು. 2008ರಲ್ಲಿ ಸಂಚಾರಿ ಪೀಠ ಬಂತು, 2013ರಲ್ಲಿ ಅದು ಕಾಯಂ ಆಯ್ತು. ಕೋರ್ಟನ್ನು ಬೆಂಗಳೂರಿಂದ ಎಳೆದು ಇಲ್ಲಿಗೆ ತಂದೆವು. ಕೊರೋನಾ ಕಾಲದಲ್ಲಿ ವಿಚಾರಣೆ ಸ್ಕ್ರೀನ್ ಮೇಲೆ ಬಂದಾಗ ದೂರ ಅನ್ನೋದು ಇನ್ನೂ ಕಡಿಮೆ ಆಯ್ತು ಅಂತ ಎಲ್ಲರೂ ಖುಷಿಪಟ್ಟೆವು. ಕಟ್ಟಡ ಮೂರು ಊರಲ್ಲಿ ಇದ್ದರೇನು, ಬಂದ್ ಮಾಡೋ ಆದೇಶ ಒಂದೇ ಸಾಕಾಯ್ತು.

ವಿಡಿಯೊ ಮೀಟಿಂಗ್ ಸಾಫ್ಟ್‌ವೇರ್ ಬರೆಯೋರ ಜೊತೆ ಕೆಲವು ವರ್ಷ ಕೆಲಸ ಮಾಡಿದವನು ನಾನು. ಈ ಮಾತು ಕೋರ್ಟಿನದ್ದಷ್ಟೇ ಅಲ್ಲ ಅಂತ ಗೊತ್ತು. ಆ ವ್ಯವಸ್ಥೆಯ ರಚನೆಯೇ ಹಾಗೆ.

ಹತ್ತು ಜನರ ಮೀಟಿಂಗ್ ಅನ್ಕೊಳ್ರಿ. ಪ್ರತಿಯೊಬ್ಬರೂ ಇನ್ನೊಬ್ಬರಿಗೆ ನೇರವಾಗಿ ವಿಡಿಯೊ ಕಳಿಸಬೇಕಂದ್ರೆ ಒಬ್ಬೊಬ್ಬರೂ ಒಂಬತ್ತು ಪ್ರತಿ ಕಳಿಸಬೇಕು. ಒಟ್ಟು 90 ಪ್ರವಾಹ. ಒಂದಕ್ಕೆ 1 ಎಂಬಿಪಿಎಸ್ ಅಂತ ಹಿಡಿದರೂ ನಿಮ್ಮ ಮನೆಯಿಂದ ಹೊರಗೆ 9 ಎಂಬಿಪಿಎಸ್ ಹೋಗಬೇಕು. ಹಳ್ಳಿ ಬಿಡ್ರಿ, ಹುಬ್ಬಳ್ಳಿ ವಿದ್ಯಾನಗರದಲ್ಲೇ ಸಂಜೆ ಹೊತ್ತು ಮೊಬೈಲ್ ನೆಟ್ಟಿನ ಮೇಲೆ ಅದು ಆಗದ ಮಾತು. ಅದರ ಮೇಲೆ ಈಗಿನ ಬಹಳಷ್ಟು ಫೋನುಗಳಿಗೆ ಸ್ವಂತ ಐಪಿವಿ4 ವಿಳಾಸ ಇರೋದಿಲ್ಲ. ಸಾವಿರಾರು ಗಿರಾಕಿಗಳು ಕಂಪನಿಯ ಒಂದೇ ಐಪಿ ವಿಳಾಸದ ಹಿಂದೆ ಕೂತಿರ್ತಾರೆ. ಹೊರಗಿನವರು ನೇರ ಬಂದು ಬಾಗಿಲು ತಟ್ಟಲಿಕ್ಕೆ ಆಗಲ್ಲ.

ಅದಕ್ಕೇ ನಡುವೆ ಒಂದು ಸರ್ವರ್. ನೀವು ಒಂದೇ ಪ್ರತಿ ಅಲ್ಲಿಗೆ ಕಳಿಸ್ತೀರಿ, ಅದು ಉಳಿದವರಿಗೆ ಹಂಚತ್ತೆ. ಇದಕ್ಕೆ ಎಸ್‌ಎಫ್‌ಯು ಅಂತಾರೆ. ಹಳೇ ಕಾಲದ ಯಂತ್ರಗಳು ಎಲ್ಲರ ವಿಡಿಯೊ ಕಲಸಿ ಒಂದೇ ಚಿತ್ರ ಮಾಡಿ ಬಡಿಸ್ತಿದ್ದವು. ಇದು ಕಲಸೋ ಗೋಜಿಗೆ ಹೋಗದೆ ಯಾರಿಗೆ ಯಾವುದು ಎಷ್ಟು ಸ್ಪಷ್ಟ ಬೇಕೋ ಅಷ್ಟನ್ನು ಮುಂದಕ್ಕೆ ದಾಟಿಸತ್ತೆ. ಬಹಳ ಚಂದದ ಉಪಾಯ, ಅದರಲ್ಲಿ ಎರಡು ಮಾತಿಲ್ಲ. ಧಾರವಾಡದ ಸಪ್ತಾಪುರದಿಂದ ವಿದ್ಯಾನಗರಕ್ಕೆ ಇಪ್ಪತ್ತು ಕಿಲೊಮೀಟರ್ ಹತ್ತಿರ ಆಗಬಹುದು. ಅಲ್ಲಿ ಕೂತವರು ನನ್ನ ಜೊತೆ ಆಡಿದ ಮಾತು ಮುಂಬೈಗೋ ಹೈದರಾಬಾದಿಗೋ ಹೋಗಿ ವಾಪಸ್ ಬರತ್ತೆ, ಕಣ್ಣು ಮಿಟುಕಿಸೋದರೊಳಗೆ.

ತಂತ್ರಜ್ಞಾನ ಯಾವಾಗಲೂ ಹೀಗೇ ಇರಲಿಲ್ಲ. 2003ರಲ್ಲಿ ಬಂದ ಸ್ಕೈಪ್ ನೆನಪು ಮಾಡ್ಕೊಳ್ರಿ. ಅಮೆರಿಕದಲ್ಲಿದ್ದ ಮಗನ ಮುಖ ನೋಡಲಿಕ್ಕೆ ಹುಬ್ಬಳ್ಳಿಯ ಸೈಬರ್ ಕೆಫೆಗೆ ಬರ್ತಿದ್ದ ಅಪ್ಪ-ಅವ್ವಂದಿರಿದ್ದರು. ಸ್ಕೈಪಿನ ಮೂಲ ವಿನ್ಯಾಸದಲ್ಲಿ ನೆಟ್ ಚೆನ್ನಾಗಿದ್ದ ಬಳಕೆದಾರರ ಕಂಪ್ಯೂಟರುಗಳೇ ಉಳಿದವರಿಗೆ ನಡುವಿನ ನಿಲ್ದಾಣ ಆಗ್ತಿದ್ದವು. ಅದೂ ಬಿದ್ದಿದ್ದಿದೆ. 2007ರ ಆಗಸ್ಟಿನಲ್ಲಿ ವಿಂಡೋಸ್ ಅಪ್‌ಡೇಟ್ ಆಗಿ ಲೋಕದ ಕಂಪ್ಯೂಟರುಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೆ ರೀಸ್ಟಾರ್ಟ್ ಆದಾಗ ಇಡೀ ಜಾಲ ಕುಸಿದಿತ್ತು. 2011ರಲ್ಲಿ ಮೈಕ್ರೊಸಾಫ್ಟ್ ಕೊಂಡುಕೊಂಡಿತು. ಮರುವರ್ಷ ಆ ನಿಲ್ದಾಣಗಳನ್ನೆಲ್ಲ ತನ್ನದೇ ಡೇಟಾ ಸೆಂಟರಿಗೆ ಎತ್ತಿಕೊಂಡಿತು. ಜನ ಫೋನಿಗೆ ಬಂದಿದ್ದರು. ಫೋನಿನ ಬ್ಯಾಟರಿ ಮೇಲೆ ಊರವರ ಮಾತೆಲ್ಲ ಹೊರಿಸಲಿಕ್ಕೆ ಆಗ್ತಿರಲಿಲ್ಲ, ನಿಜ. 2025ರ ಮೇ 5ಕ್ಕೆ ಸ್ಕೈಪ್ ಬಂದ್. ಒಂದೇ ಪ್ರಕಟಣೆ.

ಈಗ ಹತೋಟಿಯ ವಿಷಯ. ಮೀಟಿಂಗಿನಲ್ಲಿ ಹೋಸ್ಟ್ ನಿಮ್ಮನ್ನು ಮ್ಯೂಟ್ ಮಾಡಿದರು ಅಂದ್ರೆ ಏನಾಗತ್ತೆ? ಹೋಸ್ಟಿನ ಫೋನಿಂದ ಸರ್ವರಿಗೆ ಒಂದು ವಿನಂತಿ ಹೋಗತ್ತೆ. ಸರ್ವರ್ ಪಟ್ಟಿ ನೋಡತ್ತೆ: ಇವರು ಹೋಸ್ಟ್ ಹೌದೋ ಅಲ್ಲೋ? ಹೌದಾದರೆ ನಿಮ್ಮ ಫೋನಿನ ಆ್ಯಪಿಗೆ ಮೈಕ್ ಮುಚ್ಚು ಅಂತ ಹೇಳತ್ತೆ. ಸರ್ವರ್ ಮನಸ್ಸು ಮಾಡಿದರೆ ಅದೂ ಬೇಕಾಗಿಲ್ಲ. ನಿಮ್ಮ ದನಿಯನ್ನು ಮುಂದಕ್ಕೆ ದಾಟಿಸದಿದ್ದರೆ ಆಯ್ತು. ನೀವು ಮಾತಾಡ್ತಾನೇ ಇರ್ತೀರಿ, ಯಾರಿಗೂ ಕೇಳೋದಿಲ್ಲ. ಅನ್‌ಮ್ಯೂಟ್ ಮಾಡುವಾಗ ಮಾತ್ರ ನಿಮ್ಮ ಒಪ್ಪಿಗೆ ಕೇಳ್ತಾರಲ್ಲ, ಅದು ಯಾರೋ ಒಬ್ಬ ಎಂಜಿನಿಯರ್ ಒಂದು ಮಧ್ಯಾಹ್ನ ಕೂತು ತೀರ್ಮಾನಿಸಿದ್ದು. ಬೇರೆ ಥರಾನೂ ಬರೆಯಬಹುದಿತ್ತು.

ನಮ್ಮೂರ ಕಟ್ಟೆ ಮೇಲೆ ಪಂಚರು ಒಬ್ಬನ ಬಾಯಿ ಮುಚ್ಚಿಸಬೇಕಂದ್ರೆ ಎಲ್ಲರ ಎದುರಿಗೇ ಗದರಬೇಕಿತ್ತು. ಗದರಿದ್ದು ಊರಿಗೆಲ್ಲ ಗೊತ್ತಾಗ್ತಿತ್ತು. ಇಲ್ಲಿ ಹಾಗಿಲ್ಲ.

ಕೆಲವು ವರ್ಷಗಳ ಹಿಂದೆ ನಾನಿದ್ದ ಕಂಪನಿಯೊಂದರಲ್ಲಿ ಒಂದು ಬುಧವಾರ ಎಲ್ಲರಿಗೂ ಹದಿನೈದು ನಿಮಿಷದ ಮೀಟಿಂಗ್ ಬಂತು. ಅದು ವೆಬಿನಾರ್ ಮಾದರಿಯದು. ಅಂದ್ರೆ ಒಳಗೆ ಎಷ್ಟು ಜನ ಇದ್ದಾರೆ ಅಂತ ಕಾಣಲ್ಲ, ಚಾಟ್ ಇಲ್ಲ, ಕೈ ಎತ್ತೋ ಗುರುತೂ ಇಲ್ಲ. ಕೆಲವರ ಕೆಲಸ ಹೋಯ್ತು ಅಂತ ತಿಳಿಸಿದರು, ಮೀಟಿಂಗ್ ಮುಗೀತು. ನನ್ನ ಕೆಲಸ ಉಳೀತು. ನವನಗರದಲ್ಲಿ ಮನೆಯಿಂದಲೇ ಕೆಲಸ ಮಾಡ್ತಿದ್ದ ನನ್ನ ಗೆಳೆಯನದು ಹೋಯ್ತು. ಫೋನ್ ಮಾಡಿದ. "ಬೈಬೇಕು ಅಂತಲ್ಲೋ, ಒಂದ್ ಮಾತು ಕೇಳಬೇಕಿತ್ತು. ಕೇಳಾಕ ಬಟನ್ನೇ ಇರ್ಲಿಲ್ಲಪಾ" ಅಂದ. ಅಮೆರಿಕದ ಬೆಟರ್ ಡಾಟ್ ಕಾಮ್ 2021ರ ಡಿಸೆಂಬರಿನಲ್ಲಿ ಒಂದೇ ಝೂಮ್ ಕರೆಯಲ್ಲಿ ಸುಮಾರು 900 ಜನರನ್ನು ತೆಗೆದದ್ದು ದೊಡ್ಡ ಸುದ್ದಿಯಾಗಿತ್ತು. ಆಗ ಎಲ್ಲರೂ ಆ ಮುಖ್ಯಸ್ಥನನ್ನು ಬೈದರು. ಬಟನ್ ಇಲ್ಲದ ಸ್ಕ್ರೀನಿನ ಬಗ್ಗೆ ಯಾರೂ ಮಾತಾಡಲಿಲ್ಲ.

ಹಾಗಂತ ಹೋಸ್ಟೇ ದೊಡ್ಡವನು ಅಂತಲ್ಲ. ಅವನ ಮ್ಯಾಲೆ ಖಾತೆಯ ಅಡ್ಮಿನ್, ಅವನ ಮ್ಯಾಲೆ ಸರ್ವರಿನ ಕಂಪನಿ, ಅದರ ಮ್ಯಾಲೆ ಸರಕಾರ. 2020ರ ಜೂನಿನಲ್ಲಿ ಚೀನಾ ಸರಕಾರ ಕೇಳಿತು ಅಂತ ಝೂಮ್, ಟಿಯಾನನ್‌ಮೆನ್ ಚೌಕದ ನೆನಪಿನ ಸಭೆ ಮಾಡಿದ ಹೋರಾಟಗಾರರ ಖಾತೆಗಳನ್ನು ಮುಚ್ಚಿತ್ತು. ಅವರಲ್ಲಿ ಅಮೆರಿಕದಲ್ಲಿದ್ದವರೂ ಇದ್ದರು. ಆಮೇಲೆ ತಪ್ಪೊಪ್ಪಿಕೊಂಡು ಖಾತೆ ತೆರೆಯಿತು. ಅದೇ ವರ್ಷ, ನಡುವಿನ ಸರ್ವರಿಗೂ ಓದಲಾಗದ ಗೂಢಲಿಪಿ ತಮ್ಮಲ್ಲಿದೆ ಅಂತ ಹೇಳ್ಕೊಂಡು ಬಂದಿದ್ದು ನಿಜವಲ್ಲ ಅಂತ ಅಮೆರಿಕದ ಎಫ್‌ಟಿಸಿ ಹಿಡಿದಿತ್ತು. ಈಗ ಆ ಸೌಲಭ್ಯ ಇದೆ. ಆದರೆ ಹಾಕಿದರೆ ಕ್ಲೌಡ್ ರೆಕಾರ್ಡಿಂಗ್ ಇಲ್ಲ, ಸಾದಾ ಫೋನಿಂದ ಸೇರಲಿಕ್ಕೆ ಆಗಲ್ಲ. ಸರ್ವರ್ ಕಿವಿ ಮುಚ್ಕೊಂಡ ಮೇಲೆ ಅದರ ಕೈಲಿ ಆಗೋ ಕೆಲಸ ಕಡಿಮೆ ತಾನೆ. ಹೀಗಾಗಿ ಬಹಳ ಜನ ಅದನ್ನು ಹಾಕೋದೇ ಇಲ್ಲ.

ಜಿಟ್ಸಿ ಅಂತ ಒಂದಿದೆ. ಸ್ಟ್ರಾಸ್‌ಬರ್ಗಿನಲ್ಲಿ ಓದುತ್ತಿದ್ದ ಎಮಿಲ್ ಇವೊವ್ ಅನ್ನೋ ಬಲ್ಗೇರಿಯಾದ ಹುಡುಗ 2003ರಲ್ಲಿ ಶುರುಮಾಡಿದ್ದು, ಮುಕ್ತ ತಂತ್ರಾಂಶ. ಅವರ ಸ್ವಂತ ತಾಣದಲ್ಲಿ ಖಾತೆಯಿಲ್ಲದೆ ಯಾರು ಬೇಕಾದರೂ ಮೀಟಿಂಗ್ ತೆರೆಯಬಹುದಿತ್ತು. ದುರುಪಯೋಗ ಹೆಚ್ಚಾಗಿ 2023ರ ಆಗಸ್ಟಿನಿಂದ ಮೀಟಿಂಗ್ ತೆರೆಯೋರು ಗೂಗಲ್, ಗಿಟ್‌ಹಬ್ ಅಥವಾ ಫೇಸ್‌ಬುಕ್ ಖಾತೆಯಿಂದ ಲಾಗಿನ್ ಆಗಬೇಕು ಅಂತ ಮಾಡಿದರು. ಬಾಗಿಲಿಗೆ ಚಿಲಕ ಹಾಕದೆ ಅವರಿಗೂ ಗತಿ ಇರಲಿಲ್ಲ. ಆದರೆ ಆ ತಂತ್ರಾಂಶವನ್ನು ನಮ್ಮದೇ ಸರ್ವರಿನಲ್ಲಿ ಹಾಕ್ಕೊಳ್ಳೋಕೆ ಯಾರ ಅಡ್ಡಿಯೂ ಇಲ್ಲ.

ಕುಂದಗೋಳ ತಾಲೂಕಿನ ನಮ್ಮೂರ ಶಾಲೆಯ ಹಳೇ ವಿದ್ಯಾರ್ಥಿಗಳ ಸಭೆಗೆ ನಾನು ಮಾಡಿದ್ದು ಅದನ್ನೇ. ತಿಂಗಳ ಬಾಡಿಗೆಯ ಸಣ್ಣ ಸರ್ವರ್, ಮೂವತ್ತು ಜನ, ಹೆಂಚಿನ ರಿಪೇರಿ ಲೆಕ್ಕ. ಹೋಸ್ಟ್ ಅಧಿಕಾರ ಒಬ್ಬರದೇ ಬೇಡ ಅಂತ ಇಬ್ಬರು ಮಾಸ್ತರರಿಗೂ ಕೊಟ್ಟೆ. ರೆಕಾರ್ಡಿಂಗ್ ತೆಗೆದುಹಾಕಿದೆ. ನಮ್ಮ ಕಾಕಾನಿಗೆ ಇದನ್ನೆಲ್ಲ ಬಿಡಿಸಿ ಹೇಳಿದೆ, ನಡುವೆ ಯಾವ ಕಂಪನಿಯೂ ಇಲ್ಲ ಅಂತ.

"ಹಂಗಾರ ನಡುವ ಯಾರದಾರ?"

"ನಾನs."

"ನಾವು ಮಾತಾಡೂದು ನಿನಗ ಕೇಳಿಸ್ತೈತೇನು?"

"ಮನಸ್ಸು ಮಾಡಿದ್ರ ಕೇಳಬಹುದು ಕಾಕಾ. ಕೇಳೂದಿಲ್ಲ."

ಎಲಿ ಅಡಿಕಿ ಸಂಚಿ ಬಿಚ್ಚಿ, ಸುಣ್ಣ ಹಚ್ಚುತ್ತ ಇನ್ನೊಂದು ಕೇಳಿದ: "ಮುಂದಿನ ತಿಂಗಳು ನೀ ಬಾಡಗಿ ತುಂಬಲಿಲ್ಲಂದ್ರ?"

"ಬಂದ್ ಆಕ್ಕೈತಿ."

"ಹಂಗಾರ ಆ ಪಾಸ್‌ವರ್ಡ್ ಏನೈತಿ, ಮಾಸ್ತರಗೂ ಒಂದ್ ಚೀಟ್ಯಾಗ ಬರದು ಕೊಟ್ಟ ಹೋಗು."