ಮೂಗಿನ ಆಪರೇಷನ್ ಆದ ಮೇಲೆ

ನಾನು ಕುಂದಾಪುರದ ಕಡೆಯವನು. ಚೆನ್ನೈನ ಟ್ರಿಪ್ಲಿಕೇನ್‌ನಲ್ಲಿ ಒಂದು ಹೋಟೆಲಿನ ಅಡುಗೆಯವನು. ಮೊದಲು ಹೋದದ್ದು ವಾಸನೆ. ಒಗ್ಗರಣೆ ಸೀದದ್ದು ಪಕ್ಕದವನು ಕೂಗಿದ ಮೇಲೆಯೇ ಗೊತ್ತಾಗುತ್ತಿತ್ತು. ಒಂದು ಬೆಳಗ್ಗೆ ಗ್ಯಾಸ್ ಸೋರುತ್ತಿತ್ತು. ನಾನು ಬೆಂಕಿಪೊಟ್ಟಣ ಕೈಗೆತ್ತಿಕೊಂಡಿದ್ದೆ. ಸಪ್ಲೈಯರ್ ಹುಡುಗ ಓಡಿಬಂದು ತಡೆದ. ಆಮೇಲೆ ಒಲೆ ಹಚ್ಚುವಾಗಲೆಲ್ಲ ಕೈ ನಡುಗುತ್ತಿತ್ತು.

ಹುಬ್ಬಿನ ಮೇಲೆ, ಕೆನ್ನೆಯಲ್ಲಿ ಸದಾ ಭಾರ. ಬಗ್ಗಿ ಪಾತ್ರೆ ಎತ್ತಿದರೆ ನೋವು. ರಾತ್ರಿ ಬಾಯಲ್ಲೇ ಉಸಿರಾಟ. ಗಂಟಲು ಒಣಗಿ ಎಚ್ಚರವಾಗುತ್ತಿತ್ತು. ಪೊಂಗಲ್‌ಗೆ ಮುಂಚಿನ ಭೋಗಿಯ ದಿನ ಬೀದಿಬೀದಿಯಲ್ಲೂ ಹಳೆ ಸಾಮಾನು ಸುಡುತ್ತಾರೆ. ಆ ಹೊಗೆಯಲ್ಲಿ ಮಲಗಲಾಗದೆ ಕೂತೇ ಇರುತ್ತಿದ್ದೆ. ಆವಿ, ಮಾತ್ರೆ, ಸ್ಪ್ರೇ ಎಲ್ಲ ಆಯಿತು.

ಕೊನೆಗೆ ಸೆಂಟ್ರಲ್ ಸ್ಟೇಷನ್ ಹತ್ತಿರದ ಸರ್ಕಾರಿ ಜನರಲ್ ಆಸ್ಪತ್ರೆಗೆ ಹೋದೆ. ಇಂಥ ತೊಂದರೆ 12 ವಾರ ದಾಟಿದರೆ ದೀರ್ಘಕಾಲದ ಸೈನಸೈಟಿಸ್ ಎನ್ನುತ್ತಾರಂತೆ. ನನ್ನದು ವರ್ಷಗಳದ್ದು. ಸಿಟಿ ಸ್ಕ್ಯಾನ್‌ನಲ್ಲಿ ಎರಡೂ ಕಡೆ ಪಾಲಿಪ್, ಅಂದರೆ ಮೂಗಿನೊಳಗೆ ಬೆಳೆದ ಮೆತ್ತನೆಯ ಗಂಟು, ಕಂಡಿತು. ಡಾಕ್ಟರಮ್ಮ 22 ಪ್ರಶ್ನೆ ಕೇಳಿದರು. ನಿದ್ದೆ, ನೋವು, ಗಮನ, ಬೇಸರ, ನಾಚಿಕೆ. ಒಂದೊಂದಕ್ಕೂ 0ಯಿಂದ 5ರವರೆಗೆ ಅಂಕ. ನಾಚಿಕೆಯ ಬಗ್ಗೆ ಅದುವರೆಗೆ ಯಾರೂ ಕೇಳಿರಲಿಲ್ಲ. ನಾಲ್ಕು ಜನ ಉಣ್ಣುವ ಜಾಗದಲ್ಲಿ ಇಡೀ ದಿನ ಮೂಗೊರೆಸಿಕೊಳ್ಳುವವನಿಗೆ ಅದು ಸಣ್ಣದಲ್ಲ. 5 ಎಂದೆ.

ಸೈನಸ್ಸಿನ ಪಕ್ಕದಲ್ಲೇ ಕಣ್ಣು, ಮೇಲೆ ಮಿದುಳು. ಆಪರೇಷನ್ ಮಾಡುವಾಗ ಅಪರೂಪಕ್ಕೆ ಅಲ್ಲಿಗೂ ಪೆಟ್ಟಾಗಬಹುದು ಎಂದು ತಿಳಿಸಿ ಸಹಿ ಕೇಳಿದರು. ಹೆಂಡತಿ ಊರಿಂದ ಬಂದಿದ್ದಳು. ಅವಳ ಮುಖ ನೋಡದೆ ಸಹಿ ಹಾಕಿದೆ.

ಹೊರಗೆ ಎಲ್ಲೂ ಕೊಯ್ಯಲಿಲ್ಲ. ಮೂಗಿನ ಹೊಳ್ಳೆಯಿಂದಲೇ ಎಂಡೋಸ್ಕೋಪ್ ಬಿಟ್ಟು ಮಾಡಿದರು. ಎಚ್ಚರವಾದಾಗ ಮೂಗಿನ ತುಂಬ ಪ್ಯಾಕ್, ಗಂಟಲಲ್ಲಿ ರಕ್ತದ ರುಚಿ. ಉಸಿರು ನಿಂತೇಹೋಗುತ್ತದೆ ಎಂದು ಹೆದರಿದೆ. ಪ್ಯಾಕ್ ತೆಗೆಯುವಾಗ ಕಣ್ಣಲ್ಲಿ ನೀರು ಬಂತು. ನರ್ಸಮ್ಮ ಕೈ ಹಿಡಿದುಕೊಂಡೇ ಇದ್ದರು.

ಆಮೇಲೆ ಕೆಲವು ವಾರ ಹಕ್ಕಳೆ, ಅದನ್ನು ತೆಗೆಸಲು ಓಡಾಟ. ಭಾರ ಎತ್ತುವಂತಿಲ್ಲ. ಸೀನು ಬಂದರೆ ಬಾಯಿ ತೆರೆದೇ ಸೀನಬೇಕು. ಮೊದಲು ಮರಳಿದ್ದು ನಿದ್ದೆ. ವಾಸನೆ ನಿಧಾನಕ್ಕೆ ಬಂತು, ಪೂರ್ತಿ ಅಲ್ಲ. ಇಂಗು, ಸೀದ ಎಣ್ಣೆ, ಗ್ಯಾಸ್ ಗೊತ್ತಾಗುತ್ತವೆ. ಮಲ್ಲಿಗೆ ಇನ್ನೂ ಇಲ್ಲ. ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿದಾಗ ನಿದ್ದೆಗೆ 0 ಎಂದೆ, ವಾಸನೆಗೆ 2.

ಪಾಲಿಪ್ ಮತ್ತೆ ಬೆಳೆಯಬಹುದು ಎಂದಿದ್ದಾರೆ. ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ದಿನವೂ ಮೂಗು ತೊಳೆಯುತ್ತೇನೆ, ಸ್ಪ್ರೇ ಹಾಕಿಕೊಳ್ಳುತ್ತೇನೆ. ಈ ಆಪರೇಷನ್ ಆದವರು, ಉಸಿರು ಸಲೀಸಾಯಿತೆಂದು ಡಾಕ್ಟರನ್ನು ಕೇಳದೆ ಇವೆರಡನ್ನೂ ಬಿಡಬೇಡಿ.